ಲೂಥರನ ಪಾರ್ಸೆಲ್ಲು ಬಿಚ್ಚಿದ ದಿನ

ಫ್ರಾನ್ಸ್, ಎಲ್ಲೋ ಒಂದು ಕಡೆ
ಭಾನುವಾರ, ೧೦ ಡಿಸೆಂಬರ್ ೧೯೧೬

ತಂಗಿ ಹೆಸ್ಟರ್‌ಗೆ,

ಅಮ್ಮನ ಕೆಮ್ಮು ಇಳಿದಿರಬಹುದು, ನೀನೂ ಹೊತ್ತುಹೊತ್ತಿಗೆ ಉಣ್ಣುತ್ತಿರಬಹುದು ಎಂದುಕೊಂಡು ಶುರುಮಾಡುತ್ತೇನೆ. ನಾನು ಚೆನ್ನಾಗಿದ್ದೇನೆ. ಎರಡು ಕೈ, ಎರಡು ಕಾಲು, ಒಂದು ತಲೆ, ಎಲ್ಲಾ ಇವೆ. ಇಲ್ಲಿ ಚೆನ್ನಾಗಿರುವುದೆಂದರೆ ಅಷ್ಟೇ. ಕಾಲಿನ ಮಾತು ನಿನಗೆ ಬರೆಯಬಾರದಿತ್ತೇನೋ. ಬರೆದಾಯಿತು. ಹಾಳೆ ಕಡಿಮೆ ಇದೆ, ಹರಿದು ಮತ್ತೊಂದು ತೆಗೆದುಕೊಳ್ಳುವ ಹಾಗಿಲ್ಲ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ಸುಳ್ಳು ಬರೆಯುತ್ತೇನೆ ಎಂದು ನೀನು ಈಗಾಗಲೇ ಊರೆಲ್ಲ ಸಾರಿದ್ದೀಯಲ್ಲ, ಹಾಗಾಗಿ ಇದೊಂದನ್ನಾದರೂ ನಿಜ ಬರೆಯುತ್ತೇನೆ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ನಿನ್ನ ಮೇಲೆ ಕೋಪ ಬಂದು ಹರಿದೆ.

ಇದು ಹಸಿರು ಲಕೋಟೆಯಲ್ಲಿ ಬರುತ್ತದೆ. ಮಾಮೂಲಿ ಕಾಗದಗಳನ್ನೆಲ್ಲ ನಮ್ಮ ಲೆಫ್ಟಿನೆಂಟ್ ಓದುತ್ತಾನೆ. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ನನ್ನ ವಯಸ್ಸಿನವರು ಹೆಂಡತಿಗೆ ಬರೆದದ್ದನ್ನು ಓದಿ ನೀಲಿ ಪೆನ್ಸಿಲ್ ಎಳೆಯುತ್ತಾನೆ. ಹಸಿರು ಲಕೋಟೆಯನ್ನು ಮಾತ್ರ ಅವನು ತೆರೆಯುವಂತಿಲ್ಲ. ಒಳಗೆ ಮನೆಯ ಮಾತೇ ಇದೆ ಎಂದು ನಮ್ಮ ಮಾನದ ಮೇಲೆ ಆಣೆ ಮಾಡಿ ಹೊರಗೆ ಸಹಿ ಹಾಕಬೇಕು. ಕ್ಲೆಗ್‌ನ ಪಾಲಿಗೆ ಬಂದಿದ್ದ ಲಕೋಟೆಯನ್ನು ಎರಡು ದಿನದ ರಮ್ ಬಿಟ್ಟುಕೊಟ್ಟು ಪಡೆದಿದ್ದೇನೆ. ಈ ಚಳಿಯಲ್ಲಿ ಅದು ಸಣ್ಣ ಬೆಲೆಯಲ್ಲ. ಕ್ಲೆಗ್ ಗೊತ್ತಲ್ಲ, ಗಿರಣಿಯಲ್ಲಿ ಹತ್ತಿ ಬಿಡಿಸುತ್ತಿದ್ದ ಮುದುಕ, ವಯಸ್ಸು ಕಡಿಮೆ ಹೇಳಿ ಸೈನ್ಯ ಸೇರಿದವನು.

ನಿನ್ನ ಕಾಗದವನ್ನು ಈಗ ಮತ್ತೊಮ್ಮೆ ಓದಿದೆ. "ನನ್ ಗಂಡನ್ನ ಕಾಗದದಲ್ಲಿ ಕೊಂದೆ. ಅವನ ಪಾರ್ಕಿನ್ ಕೇಕು ನೀನೇ ಮೊದಲು ಬಾಯಿಗೆ ಹಾಕ್ಕೊಂಡೆ. ನಂಗೆ ಐದು ದಿನ ಕಪ್ಪು ಬಟ್ಟೆ ಹಾಕಿಸ್ದೆ." ಸರಿ, ಮೂರೂ ನಿಜ. ಆಮೇಲೆ ಕೊನೆಯಲ್ಲಿ ಬರೆದಿದ್ದೀಯ: "ಆಸ್ಪತ್ರೇಲಿ ನಿನ್ ಹೆಸ್ರು ಎತ್ತಿದ್ರೆ ಲೂಥರ್ ಗೋಡೆ ಕಡೆ ತಿರುಗ್ತಾನೆ. ಒಂದು ಕೇಕಿಗೆ ಯಾವ ಗಂಡಸೂ ಹಾಗೆ ಮಾಡಲ್ಲ ಜೇಬೆಜ್. ನಿಮ್ಮಿಬ್ರ ಮಧ್ಯೆ ಇನ್ನೇನಾಯ್ತು? ಅದನ್ನ ಬರೆಯೋ ತನಕ ರಜೆ ಸಿಕ್ಕಿದ್ರೂ ನನ್ ಹೊಸ್ತಿಲು ತುಳೀಬೇಡ."

ಹೆಸ್ಟರ್, ಹದಿನಾಲ್ಕು ತಿಂಗಳ ಮೇಲೆ ನನಗೆ ಹತ್ತು ದಿನದ ರಜೆ ಬಂದಿದೆ. ಇಪ್ಪತ್ತಮೂರರಂದು ಹೊರಡುತ್ತೇನೆ. ಅಮ್ಮ ಇರುವುದು ನಿನ್ನ ಮನೆಯಲ್ಲಿ. ಆ ಹೊಸ್ತಿಲು ತುಳಿಯದೆ ನಾನು ಅಮ್ಮನನ್ನು ಕಿಟಕಿಯಿಂದ ನೋಡಲೇ? ಇಲ್ಲಿ ಒಂದು ರಜೆಯಿಂದ ಇನ್ನೊಂದು ರಜೆಯ ತನಕ ಬದುಕಿರುವವರನ್ನು ಬೆರಳಲ್ಲಿ ಎಣಿಸಬಹುದು. ಇದೆಲ್ಲ ತಿಳಿದೂ ನೀನು ಹಾಗೆ ಬರೆದೆ. ಅದಕ್ಕೇ ನನ್ನ ಕೋಪ.

ಮೊದಲು ಆ ಕಾಗದದ ವಿಷಯ. ಲೂಥರ್ ಸತ್ತನೆಂದು ನಾನು ನಿನಗೆ ಬರೆದೆ. ಗುಂಡು ಬಿದ್ದ ಕ್ಷಣವೇ ಪ್ರಾಣ ಹೋಯಿತು, ನೋವೆಂಬುದು ತಿಳಿಯಲಿಲ್ಲ, ಮುಖದಲ್ಲಿ ನಗು ಇತ್ತು ಎಂದೆಲ್ಲ ಬರೆದೆ. ನೀನು ಐದು ದಿನ ಅತ್ತೆ. ಆರನೆಯ ದಿನ ಸೈನ್ಯದ ಅಚ್ಚಿನ ಕಾರ್ಡು ಬಂತು. ಬೇಡದ ಸಾಲುಗಳನ್ನು ಹೊಡೆದುಹಾಕಿ 'ಗಾಯಗೊಂಡು ಆಸ್ಪತ್ರೆ ಸೇರಿದ್ದೇನೆ' ಎಂಬ ಸಾಲು ಉಳಿಸಿ ಲೂಥರನೇ ಸಹಿ ಹಾಕಿದ್ದ. ಸತ್ತವನ ಕೈಬರಹ ನೋಡಿ ನೀನು ಒಲೆಯ ಮುಂದೆ ಬಿದ್ದೆಯಂತೆ. ಅಲ್ಲಿಗೆ ಬಂದಾಗ ಕಾಗದ ಮಡಚಿಟ್ಟೆ, ಮುಂದಿನದನ್ನು ಮರುದಿನ ಓದಿದೆ. ಅದರಲ್ಲಿ ಸುಳ್ಳಿಲ್ಲ.

ಆದರೆ ನನ್ನ ಕಾಗದವನ್ನು ನೀನು ಅಂಗಡಿಯ ತನಕ ಯಾಕೆ ಒಯ್ದೆ? ಅಲ್ಲಿ ಮಿಸೆಸ್ ಗ್ರಿಮ್‌ಶಾ ಜುಲೈಯಲ್ಲಿ ತನ್ನ ಮಗನ ಬಗ್ಗೆ ನಾನು ಬರೆದ ಕಾಗದ ತಂದು ಪಕ್ಕದಲ್ಲಿ ಇಟ್ಟಳಂತೆ. ಎರಡರಲ್ಲೂ ಅದೇ ಕ್ಷಣ, ಅದೇ ನೋವಿಲ್ಲದ ಸಾವು, ಅದೇ ನಗು! ಊರೆಲ್ಲ ಈಗ ನನ್ನನ್ನು ಸುಳ್ಳಿನ ಗುಮಾಸ್ತ ಅನ್ನುತ್ತಿದೆಯಂತೆ. ಭಾನುವಾರದ ಶಾಲೆಯಲ್ಲಿ ಅಕ್ಷರ ದುಂಡಗೆ ಬರೆಯಲು ಕಲಿತ ತಪ್ಪಿಗೆ ಇಲ್ಲಿ ಈ ಕೆಲಸ ನನ್ನ ತಲೆಗೆ ಕಟ್ಟಿದರು. ಇಂಥವು ಹನ್ನೊಂದು ಬರೆದಿದ್ದೇನೆ. ಹನ್ನೊಂದರಲ್ಲೂ ಅದೇ ನಗು ಇದೆ. ಗ್ರಿಮ್‌ಶಾಳ ಮಗ ಬೆಳಗಿನ ಚಹಾದ ಹೊತ್ತಿಗೆ ಗಾಯಗೊಂಡ, ಸಂಜೆಯ ಚಹಾದ ಹೊತ್ತಿಗೆ ಸುಮ್ಮನಾದ. ನಡುವೆ ಏನೇನು ಕೂಗಿದ, ಯಾರನ್ನು ಕರೆದ ಅಂತ ಅವನ ತಾಯಿಗೆ ಬರೆಯಬೇಕಿತ್ತೇ? ನೀನೇ ಹೇಳು. ಆ ಮುದುಕಿ ನಾಲ್ಕು ತಿಂಗಳು ನಿದ್ದೆ ಮಾಡಿದ್ದಳು. ನಿನ್ನ ಉಪಕಾರದಿಂದ ಈಗ ಅದೂ ಹೋಯಿತು.

ಇಲ್ಲಿಯ ಬದುಕು ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ನಮ್ಮೂರಿನ ಪತ್ರಿಕೆಯ ತುಂಡು ಕಳಿಸಿದ್ದೆಯಲ್ಲ, 'ನಮ್ಮ ಹುಡುಗರು ನಗುನಗುತ್ತಾ ಕಂದಕದಲ್ಲಿ' ಎಂದು. ಕ್ಲೆಗ್ ಅದನ್ನು ಎಲ್ಲರಿಗೂ ಓದಿ ಹೇಳಿದ, ಆಮೇಲೆ ಯಾವುದಕ್ಕೆ ಬಳಸಿದ ಎಂದು ಬರೆಯುವುದಿಲ್ಲ. ನಿನಗೆ ಕಂದಕ ನೋಡಬೇಕಿದ್ದರೆ ನಮ್ಮ ಬೀದಿಯ ಹಿಂದಿನ ಮೋರಿಯನ್ನು ಎರಡು ಆಳು ಆಳ ತೋಡಿಸು. ಅದರೊಳಗೆ ನಿಂತು ನವೆಂಬರ್ ತಿಂಗಳೆಲ್ಲ ಮೇಲೆ ಬರಬೇಡ. ಅಲ್ಲೇ ಉಣ್ಣು, ಅಲ್ಲೇ ಮಲಗು, ಪಕ್ಕದವನು ಸತ್ತರೆ ಅವನ ಬೂಟು ಗೋಡೆಯ ಮಣ್ಣಿನಿಂದ ಹೊರಗೆ ಚಾಚಿಕೊಂಡಿದ್ದರೂ ಅದಕ್ಕೆ ನಿನ್ನ ನೀರಿನ ಬಾಟಲಿ ನೇತುಹಾಕು. ಹೇನು ಎಷ್ಟೆಂದರೆ ಅಂಗಿಯ ಹೊಲಿಗೆಯ ಮೇಲೆ ಮೋಂಬತ್ತಿ ಆಡಿಸಿದರೆ ಚಟಚಟ ಅನ್ನುತ್ತದೆ. ಚಹಾ ಪೆಟ್ರೋಲ್ ನಾರುತ್ತದೆ, ಯಾಕೆಂದರೆ ನೀರು ಬರುವುದು ಪೆಟ್ರೋಲ್ ಡಬ್ಬಿಯಲ್ಲಿ. ಇಲಿಗಳು ನಮ್ಮ ಗಿರಣಿಯ ಬೆಕ್ಕುಗಳಷ್ಟು ದಪ್ಪ ಇವೆ. ಏನು ತಿಂದು ದಪ್ಪ ಆದವು ಎಂದು ಕೇಳಬೇಡ.

ಕಾರ್ಪೊರಲ್ ಅಂದರೆ ದೊಡ್ಡ ಹುದ್ದೆ ಎಂದು ಅಮ್ಮ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳಂತೆ. ದಿನಾ ಬೆಳಿಗ್ಗೆ ನನ್ನ ಹುದ್ದೆಯ ಕೆಲಸ ಏನು ಗೊತ್ತೇ? ನನ್ನ ಕೈಕೆಳಗಿನ ಐವರ ಬೂಟು ಕಳಚಿಸಿ, ಪಾದಕ್ಕೆ ತಿಮಿಂಗಿಲದ ಎಣ್ಣೆ ಉಜ್ಜುವುದು. ಯಾರ ಬೆರಳಾದರೂ ಕೊಳೆತರೆ ಶಿಕ್ಷೆ ನನಗೆ. ನಿನ್ನ ಲೂಥರನ ಪಾದವನ್ನೂ ನಾನು ಹದಿಮೂರು ತಿಂಗಳು ಉಜ್ಜಿದ್ದೇನೆ. ಗಿರಣಿಯಲ್ಲಿ ನೂಲಿನ ಯಂತ್ರದ ಜೊತೆ ಹಿಂದೆಮುಂದೆ ಬರಿಗಾಲಲ್ಲಿ ದಿನಕ್ಕೆ ಹದಿನೈದು ಮೈಲಿ ನಡೆದ ಪಾದ, ಹಲಗೆಯ ಹಾಗೆ ಗಟ್ಟಿ ಇತ್ತು. "ಮೆಲ್ಲಗೆ ಉಜ್ಜೋ ಜೇಬ್, ಕಚಗುಳಿ ಆಗುತ್ತೆ" ಎಂದು ನಗುತ್ತಿದ್ದ. ಅವನು ನಿನ್ನನ್ನು ಮದುವೆಯಾಗುವಾಗ ನನಗೆ ಅವನು ಇಷ್ಟವಿರಲಿಲ್ಲ, ಅದು ನಿನಗೆ ಗೊತ್ತು. ಇಲ್ಲಿ ಬಂದ ಮೇಲೆ ಇಷ್ಟವಾದ. ಇದನ್ನೂ ನಂಬದಿದ್ದರೆ ಬಿಡು.

ಈಗ ಆ ವಾರದ ಕಥೆ. ನವೆಂಬರ್ ಏಳು, ಮಂಗಳವಾರ ಬೆಳಿಗ್ಗೆ ದಟ್ಟ ಮಂಜು. ಲೆಫ್ಟಿನೆಂಟ್ ಬಂದು, "ಮುಂದಿನ ತಂತಿಬೇಲಿ ಹರಿದಿದೆ ಕಾರ್ಪೊರಲ್. ಮಂಜಿನಲ್ಲೇ ಹೋಗಿ ಕಟ್ಟಿ ಬಂದ್ಬಿಡಿ. ಚಿಕ್ಕ ಕೆಲಸ" ಎಂದ. ಅವನಿಗೆ ಎಲ್ಲವೂ ಚಿಕ್ಕ ಕೆಲಸ, ಮಾಡುವವರು ನಾವಲ್ಲವೇ. ನಾನು, ಲೂಥರ್, ಕ್ಲೆಗ್, ಟ್ಯಾಟರ್‌ಸಾಲ್ ನಾಲ್ವರೂ ಮೇಲೆ ಹತ್ತಿದೆವು. ಟ್ಯಾಟರ್‌ಸಾಲ್ ಅಂದರೆ ನಮ್ಮ ಪ್ರಾರ್ಥನಾಮಂದಿರದಲ್ಲಿ ಹಾರ್ಮೋನಿಯಂ ಒತ್ತುತ್ತಿದ್ದವನು. ಅರ್ಧ ಕೆಲಸ ಆಗಿರಬಹುದು, ಗಾಳಿ ಬೀಸಿ ಮಂಜು ಒಮ್ಮೆಲೇ ಹರಿಯಿತು. ಮನೆಯ ಪರದೆ ಎಳೆದಂತೆ. ಬಯಲಲ್ಲಿ ನಾಲ್ಕು ಜನ ಸುತ್ತಿಗೆ ಹಿಡಿದು ನಿಂತಿದ್ದೇವೆ, ಎದುರಿಗೆ ಜರ್ಮನ್ನರು. ಮೆಷಿನ್‌ಗನ್ ಶುರುವಾಯಿತು. ಓಡಿದೆವು. ಲೂಥರ್ ಮೂಟೆ ಬಿದ್ದಂತೆ ಬಿದ್ದದ್ದನ್ನು ನನ್ನ ಕಣ್ಣಾರೆ ಕಂಡೆ. ಮತ್ತೆ ಏಳಲಿಲ್ಲ. ಮೂವರು ಒಳಗೆ ಬಿದ್ದೆವು.

ಬುಧವಾರ ಇಡೀ ದಿನ ಶೆಲ್ಲುಗಳ ಸುರಿಮಳೆ. ಅಡಿಗೆಯವರು ಬರುವ ದಾರಿ ಮುಚ್ಚಿಹೋಗಿ ಎರಡು ದಿನ ಬಿಸಿ ಅನ್ನುವ ಪದಾರ್ಥ ನಮಗೆ ಸಿಗಲಿಲ್ಲ. ಕಲ್ಲಿನಂಥ ಬಿಸ್ಕತ್ತನ್ನು ಬಯೊನೆಟ್ಟಿನ ಹಿಡಿಯಿಂದ ಕುಟ್ಟಿ, ಮಳೆನೀರಲ್ಲಿ ನೆನೆಸಿ ನುಂಗಿದೆವು. ತಲೆ ಎತ್ತದೆ, ಕನ್ನಡಿ ಕಟ್ಟಿದ ಕೋಲನ್ನು ಮೇಲೆ ಹಿಡಿದು ಹೊರಗೆ ನೋಡಿದೆ. ಲೂಥರ್ ಬಿದ್ದ ಕಡೆ ಏನೂ ಅಲುಗಾಡಲಿಲ್ಲ. ಗುರುವಾರ ಮಧ್ಯಾಹ್ನ ದಾರಿ ತೆರೆಯಿತು. ಊಟ ಹೊರುವವರ ಬದಲು ಮೊದಲು ಬಂದದ್ದು ಅಂಚೆಯ ಚೀಲ. ಅದರಲ್ಲಿ ನಿನ್ನ ಪಾರ್ಸೆಲ್. ಮೇಲೆ ನಿನ್ನ ದುಂಡನೆಯ ಅಕ್ಷರದಲ್ಲಿ ಲೂಥರನ ಹೆಸರು.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಯಾರೂ ಬರೆದಿಟ್ಟಿದ್ದಲ್ಲ, ಎಲ್ಲ ಕಂದಕಗಳಲ್ಲೂ ನಡೆಯುತ್ತದೆ. ಸತ್ತವನಿಗೆ ಬಂದ ಕಾಗದ ಹಿಂದಿರುಗುತ್ತದೆ, ಪಾರ್ಸೆಲ್ ಹಿಂದಿರುಗುವುದಿಲ್ಲ. ತಿಂಡಿಯನ್ನು ಅವನ ಜೊತೆಯವರು ಹಂಚಿ ತಿನ್ನಬೇಕು. ತಾಯಂದಿರಿಗೂ ಅದೇ ವಾಸಿ. ಮಗ ಹೋದ ಮೇಲೆ ಬೂಷ್ಟು ಹಿಡಿದ ಕೇಕು ಮನೆಬಾಗಿಲಿಗೆ ಬಂದರೆ ಹೇಗಿರುತ್ತದೆ, ಯೋಚಿಸು. ಆದರೆ ಕಾಣೆಯಾದವನ ಪಾರ್ಸೆಲ್ಲಿಗೆ ಯಾರೂ ಕೈಹಚ್ಚುವಂತಿಲ್ಲ. ಅವನು ಸತ್ತ ಎಂದು ಕಾರ್ಪೊರಲ್ ಬಾಯಿಬಿಟ್ಟು ಹೇಳಬೇಕು. 'ಹೋದ' ಅಂದರೆ ಸಾಕು, ಆಮೇಲೆ ದಾರ ಕತ್ತರಿಸಬಹುದು. ಮೊದಲ ತುಂಡು ಅವನಿಗೆ ಹತ್ತಿರದವನಿಗೆ.

ಪಾರ್ಸೆಲ್ಲನ್ನು ಗುಂಡಿನ ಪೆಟ್ಟಿಗೆಯ ಮೇಲೆ ಇಟ್ಟೆವು. ಅದರ ಸುತ್ತ ನಾವು ಐವರು ಕೂತೆವು. ಹೊಸದಾಗಿ ಬಂದ ಇಬ್ಬರು ಅದನ್ನೇ ನೋಡುತ್ತಿದ್ದರು. ಮೊದಲು ಬಾಯಿ ಬಿಟ್ಟವನು ಕ್ಲೆಗ್.

"ಶುಂಠಿ ವಾಸ್ನೆ ಬರ್ತಿದೆ ಕಣೋ ಜೇಬ್. ಹೋದೋನ ಪಾರ್ಸೆಲ್ಲಾ, ಇರೋನ ಪಾರ್ಸೆಲ್ಲಾ? ಬೇಗ ಹೇಳು, ಇಲಿಗಳು ನಮಗಿಂತ ಮುಂಚೆ ತೀರ್ಮಾನ ಮಾಡ್ತವೆ."

ಟ್ಯಾಟರ್‌ಸಾಲ್ ಮುಖ ಸಿಂಡರಿಸಿದ. "ನಾಳೆ ತನಕ ಕಾಯೋಣ. ಅವನ ಹೆಣವನ್ನಂತೂ ಯಾರೂ ನೋಡಿಲ್ಲ."

"ಹೆಣ ನೋಡ್ಬೇಕು ಅಂದ್ರೆ ನೀನೇ ಹೋಗಿ ನೋಡ್ಕೊಂಡು ಬಾ. ಬರ್ತಾ ಜರ್ಮನ್ನರಿಗೆ ನನ್ ನಮಸ್ಕಾರ ಹೇಳು," ಎಂದ ಕ್ಲೆಗ್.

"ಹಸಿವು ನಂಗೂ ಆಗ್ತಿದೆ. ಆದ್ರೂ ಬೇಡ."

ಎಲ್ಲರೂ ನನ್ನ ಮುಖ ನೋಡಿದರು. ಮೂರು ದಿನ, ಶೆಲ್ಲುಗಳ ಮಳೆ, ಬಯಲಲ್ಲಿ ಚಳಿ. ನಾನು 'ಹೋದ' ಅಂದೆ. ಕ್ಲೆಗ್ ಚಾಕು ತೆಗೆದ. ಮೊದಲ ತುಂಡು ನನಗೆ ಬಂತು, ಯಾಕೆಂದರೆ ಅವನು ನನ್ನ ತಂಗಿಯ ಗಂಡ. ಟ್ಯಾಟರ್‌ಸಾಲ್ ಮುಟ್ಟಲಿಲ್ಲ, ಅವನ ಪಾಲನ್ನು ಹೊಸಬರು ತಿಂದರು. ಪಾರ್ಕಿನ್ ಒಂದು ವಾರ ಡಬ್ಬಿಯಲ್ಲಿ ಇಟ್ಟರೇ ಮೆತ್ತಗಾಗುವುದು ಎಂದು ನೀನು ಹೇಳುತ್ತಿದ್ದೆ. ಬೀದಿಯಲ್ಲಿ ಬೆಂಕಿ ಹಾಕಿ ಪಟಾಕಿ ಸುಡುವ ನಮ್ಮ ನವೆಂಬರ್ ಐದಕ್ಕೆಂದು ಮಾಡಿದ್ದು, ಬರುವಷ್ಟರಲ್ಲಿ ಸರಿಯಾಗಿ ಹದವಾಗಿತ್ತು. ಬೆಲ್ಲದ ಪಾಕ ಹಲ್ಲಿಗೆ ಅಂಟಿತು. ಚೆನ್ನಾಗಿತ್ತು ಹೆಸ್ಟರ್. ಅದಕ್ಕೂ ಬೇಕಿದ್ದರೆ ಬೈಯಿ.

ಅಂಚೆಯವನು ವಾಪಸು ಹೊರಡುವವನಿದ್ದ. ಚಹಾದ ಡಬ್ಬಿಯ ಮುಚ್ಚಳದ ಮೇಲೆ ಹಾಳೆ ಇಟ್ಟು ನಿನಗೆ ಆ ಕಾಗದ ಬರೆದೆ, ಚೀಲಕ್ಕೆ ಹಾಕಿದೆ, ಅವನು ಹೋದ.

ಶುಕ್ರವಾರ ಬೆಳಕು ಹರಿಯುವಾಗ ಲೂಥರ್ ತೆವಳಿಕೊಂಡು ಬಂದ. ಟ್ಯಾಟರ್‌ಸಾಲ್ ಕಾವಲಿದ್ದ, ಜರ್ಮನ್ ಎಂದುಕೊಂಡು ಗುಂಡು ಹಾರಿಸುವವನಿದ್ದ. ತಂತಿಬೇಲಿಯ ಕೆಳಗಿಂದ "ಹೊಡೀಬೇಡ್ವೋ, ನಾನು" ಅಂತ ದನಿ ಬಂತು. ಒಳಗೆ ಎಳೆದುಕೊಂಡೆವು. ತೊಡೆಗೆ ಎರಡು ಗುಂಡು. ಮೂರು ದಿನ ಶೆಲ್ಲಿನ ಹೊಂಡದಲ್ಲಿ ಮಲಗಿ, ಅಲ್ಲಿನ ನೀರು ಕುಡಿದು, ಸತ್ತ ಜರ್ಮನ್ನನ ಚೀಲದ ರೊಟ್ಟಿ ತಿಂದು ಬದುಕಿದ್ದ. ಕಾಲು ಕಪ್ಪಾಗಿತ್ತು. ಕ್ಲೆಗ್ ಅಳುತ್ತಲೇ ಅವನಿಗೆ ರಮ್ ಕುಡಿಸಿದ. ಎರಡು ಗುಟುಕು ಇಳಿದ ಮೇಲೆ ಲೂಥರ್ ಕೇಳಿದ ಮೊದಲ ಮಾತು, "ಹೆಸ್ಟರ್ ಏನಾದ್ರೂ ಕಳಿಸಿದ್ಲಾ?"

ಅವನ ಕಣ್ಣು ಖಾಲಿ ಡಬ್ಬಿಯ ಮೇಲೆ ಹೋಯಿತು, ಅದರಲ್ಲಿ ನಾವು ಮೋಂಬತ್ತಿ ಹಚ್ಚಿಟ್ಟಿದ್ದೆವು. ಆಮೇಲೆ ಕ್ಲೆಗ್‌ನ ಕಾಲಿನ ಮೇಲೆ ಹೋಯಿತು. ಅದೇ ಪಾರ್ಸೆಲ್ಲಿನಲ್ಲಿ ಬಂದ, ನೀನು ಹೆಣೆದ ಬೂದು ಕಾಲುಚೀಲ ಅವನು ಹಾಕಿಕೊಂಡಿದ್ದ. "ಚೆನ್ನಾಗಿ ಕೂತಿದೆ ನಿಂಗೆ," ಎಂದ ಲೂಥರ್. ನನ್ನನ್ನು ನೋಡಿ ಒಂದೆರಡು ಮಾತಾಡಿದ. ಅಷ್ಟರಲ್ಲಿ ಸ್ಟ್ರೆಚರಿನವರು ಎತ್ತಿಕೊಂಡು ಹೋದರು.

ಕ್ಲೆಗ್ ಆ ಕಾಲುಚೀಲಗಳನ್ನು ಒಗೆದು, ಒಣಗಿಸಿ ಆಸ್ಪತ್ರೆಗೆ ಅಂಚೆಯಲ್ಲಿ ಕಳಿಸಿದ. ಎರಡು ವಾರದ ಮೇಲೆ ಒಂದು ಕಾಲುಚೀಲ ವಾಪಸು ಬಂತು. ಒಳಗೆ ಚೀಟಿ: 'ನನಗೆ ಒಂದು ಸಾಕು.' ಕ್ಲೆಗ್ ಅದನ್ನು ಓದಿ ನಗಲು ಶುರುಮಾಡಿದ, ನಕ್ಕೂ ನಕ್ಕೂ ಆಮೇಲೆ ಎದ್ದು ಕಂದಕದ ತಿರುವಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಸೋಮವಾರ

ನಿನ್ನೆ ಇಲ್ಲಿಗೆ ನಿಲ್ಲಿಸಬೇಕಾಯಿತು, ಎದುರಿನವರ ಭಾನುವಾರದ ಭಕ್ತಿ ಮುಗಿದು ಶೆಲ್ಲು ಬೀಳತೊಡಗಿತ್ತು. ಯಾರಿಗೂ ಏನೂ ಆಗಲಿಲ್ಲ, ಅಡಿಗೆಯ ಡಬ್ಬಿ ಮಾತ್ರ ಹೋಯಿತು.

ನಿನ್ನೆ ಬರೆದದ್ದನ್ನು ಓದಿದರೆ ನನ್ನ ಕಡೆಯ ನ್ಯಾಯ ಸರಿಯಾಗಿಯೇ ಇದೆ. ಡಾಕ್ಟರು ನಿನಗೆ ಹೇಳಿದರಂತಲ್ಲ, ಇನ್ನು ಹನ್ನೆರಡು ಗಂಟೆ ಮುಂಚೆ ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದು. ದಡದಲ್ಲಿ ನಿಂತವರಿಗೆ ಈಜು ಹೇಳಿಕೊಡುವುದು ಸುಲಭ. ಅವರು ಬಿಳಿ ಹಾಸಿಗೆಯ ಪಕ್ಕ ನಿಂತು ಗಡಿಯಾರ ನೋಡಿ ಹೇಳುತ್ತಾರೆ. ಇಲ್ಲಿ ಆ ಗಡಿಯಾರ ಇಲ್ಲ. ಯಾರು ತರಬೇಕಿತ್ತು? ಎಲ್ಲಿಂದ? ಅವನು ಎಲ್ಲಿದ್ದಾನೆಂದು ಯಾರಿಗೆ ಗೊತ್ತಿತ್ತು?

ಅವನಿಗೆ ಇನ್ನು ಗಿರಣಿಯ ಕೆಲಸ ಇಲ್ಲ ಎಂದು ಬರೆದಿದ್ದೀಯ. ನನಗೆ ಗೊತ್ತಿಲ್ಲವೇ? ಒಂದು ಕಾಲಲ್ಲಿ ಯಂತ್ರದ ಹಿಂದೆ ಯಾರು ನಡೆಯುತ್ತಾರೆ? ಗೇಟಿನ ಹತ್ತಿರ ಕೂತು ಬರುವವರ ಹೆಸರು ಗುರುತು ಹಾಕುವ ಕೆಲಸ ಕೊಡಬಹುದು, ಮಾಲೀಕರು ದೊಡ್ಡ ಮನಸ್ಸು ಮಾಡಿದರೆ. ಮಾಲೀಕರ ಹೆಂಡತಿ ನಮಗೆಲ್ಲ ಕೊರಳಿನ ಉಣ್ಣೆಪಟ್ಟಿ ಹೆಣೆದು ಕಳಿಸಿದ್ದಾಳೆ, ಒಂದೊಂದೂ ಏಳು ಅಡಿ ಉದ್ದ. ಅವಳ ಮನಸ್ಸು ದೊಡ್ಡದೇ ಇರಬೇಕು, ಅಳತೆ ಮಾತ್ರ ಗೊತ್ತಿಲ್ಲ.

ಲೂಥರ್ ಗೋಡೆಯ ಕಡೆ ತಿರುಗುತ್ತಾನೆ ಎಂದರೆ ಅವನಿಗೆ ನೋವಿದೆ, ಅವಮಾನವಿದೆ. ಮೂರು ದಿನ ಸಾವಿನ ಬಾಯಲ್ಲಿದ್ದು ಬಂದರೆ ತನ್ನ ಜನವೇ ತನ್ನ ತಿಥಿಯೂಟ ಮುಗಿಸಿ ಕೈತೊಳೆದಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅದಕ್ಕಿಂತ ಬೇರೇನೂ ಹುಡುಕಬೇಡ. ಮೊಸರಲ್ಲಿ ಕಲ್ಲು ಹುಡುಕುವ ಬುದ್ಧಿ ನಿನಗೆ ಚಿಕ್ಕಂದಿನಿಂದ ಇದೆ. ಕಾಲ ಕಳೆದಂತೆ ಅವನೇ ಸರಿಹೋಗುತ್ತಾನೆ. ನಾನು ಇಪ್ಪತ್ತಮೂರರಂದು ಹೊರಡುತ್ತೇನೆ, ಇಪ್ಪತ್ತೈದರೊಳಗೆ ನಿನ್ನ ಬಾಗಿಲಲ್ಲಿರುತ್ತೇನೆ. ಕ್ರಿಸ್‌ಮಸ್ ದಿನ ಅಣ್ಣನನ್ನು ಬೀದಿಯಲ್ಲಿ ನಿಲ್ಲಿಸಿದರೆ ನೆರೆಹೊರೆ ನಿನ್ನನ್ನೂ ನೋಡುತ್ತದೆ. ಅಮ್ಮನಿಗೆ ನನ್ನ ಹಾಸಿಗೆ ಅಡುಗೆಮನೆಯಲ್ಲೇ ಹಾಕಲು ಹೇಳು, ನನಗೆ ಈಗ ಬೆಚ್ಚಗಿದ್ದರೆ ಸಾಕು. ಮೈಯಲ್ಲಿ ಹೇನಿವೆ, ಮೊದಲು ಬಟ್ಟೆ ಕುದಿಸಬೇಕು ಎಂದೂ ಹೇಳು.

ನಿನ್ನ ಮೇಲೆ ಇನ್ನೂ ಕೋಪವಿದೆ, ಆದರೂ ನಿಮ್ಮ ಮನೆಯ ಒಲೆ ಆರದಿರಲಿ. ಅಮ್ಮನಿಗೆ ಉಸಿರು ಸಲೀಸಾಗಲಿ. ಲೂಥರನಿಗೆ ಕೃತಕ ಕಾಲು ಒತ್ತದೆ ಒಗ್ಗಲಿ. ನಿನಗೆ ದೇವರು ನನಗಿಂತ ಒಳ್ಳೆಯ ಮಾತು ಕೊಡಲಿ.

ನಿನ್ನ ಅಣ್ಣ,
ಜೇಬೆಜ್ ಪಿಲ್ಲಿಂಗ್

ತಾ.ಕ. ಲಕೋಟೆಯ ಮೇಲೆ 'ನನ್ನ ಮಾನದ ಮೇಲೆ ಆಣೆ' ಎಂದು ಅಚ್ಚಾಗಿರುವ ಕಡೆ ಸಹಿ ಹಾಕಲು ಹೋದೆ. ಆಗಲಿಲ್ಲ. ನೀನು ಕೇಳಿದ್ದು ಒಂದೇ ಪ್ರಶ್ನೆ, ಇಷ್ಟು ಹಾಳೆ ಬರೆದೂ ಅದಕ್ಕೆ ನಾನು ಉತ್ತರ ಕೊಟ್ಟಿಲ್ಲ.

ಗುರುವಾರ ಪಾರ್ಕಿನ್ ತಿಂದು, ಅಂಚೆಯವನು ಹೋದ ಮೇಲೆ, ನಾಲ್ಕು ಗಂಟೆಗೆ ಮತ್ತೆ ಮಂಜು ಇಳಿಯಿತು. ಮಂಗಳವಾರಕ್ಕಿಂತ ದಟ್ಟ. ಚಾಚಿದ ಕೈ ಕಾಣುತ್ತಿರಲಿಲ್ಲ, ಅಂಥ ಮಂಜಿನಲ್ಲಿ ಸ್ಟ್ರೆಚರ್ ಹಿಡಿದು ಹಾಡು ಹೇಳುತ್ತಾ ಹೋಗಿ ಬರಬಹುದು. ಆಗ ಎದುರಿನಿಂದ ದನಿ ಬಂತು. "ಜೇಬ್... ಜೇಬ್..." ನಲವತ್ತು ಗಜವೂ ದೂರವಿರಲಿಲ್ಲ. ಟ್ಯಾಟರ್‌ಸಾಲ್ ಎದ್ದು ನಿಂತ. "ಅದು ಲೂಥರ್!" ಎಂದ. ಅದು ಲೂಥರ್ ಎಂದು ನನಗೆ ಅವನಿಗಿಂತ ಮೊದಲೇ ತಿಳಿದಿತ್ತು. ಆದರೆ ನಾನು ಗಟ್ಟಿಯಾಗಿ ಹೇಳಿದೆ, "ಲೂಥರ್ ಸತ್ತಿದಾನೆ. ಅದು ಜರ್ಮನ್ನರ ಬಲೆ, ನಾವು ಕೂಗಾಡೋದು ಕೇಳಿ ನನ್ ಹೆಸ್ರು ಕಲ್ತಿದಾರೆ. ಯಾರೂ ಮೇಲೆ ಹತ್ತಕೂಡ್ದು. ಇದು ಆರ್ಡರ್." ಟ್ಯಾಟರ್‌ಸಾಲ್ ಕೂತ. ಲೂಥರ್ ಇನ್ನೆರಡು ಸಲ ಕರೆದ, ಆಮೇಲೆ ದನಿ ನಿಂತಿತು.

ಹೆದರಿಕೆಯಿಂದ ಅಲ್ಲ ಹೆಸ್ಟರ್. ಹೆದರಿಕೆ ಆಗಿದ್ದರೆ ಹೇಳಿಬಿಡುತ್ತಿದ್ದೆ, ಇಲ್ಲಿ ಅದು ಯಾರಿಗೂ ನಾಚಿಕೆಯ ವಿಷಯವಲ್ಲ. ಎಲ್ಲರ ಮುಂದೆ 'ಹೋದ' ಎಂದವನು ನಾನು. ಅವನ ಕೇಕು ಮೊದಲು ತಿಂದವನು ನಾನು. ಅವನು ನಗುತ್ತಾ ಸತ್ತ ಎಂಬ ಕಾಗದ ಆಗಲೇ ನಿನ್ನ ಕಡೆ ಹೊರಟಿತ್ತು. ಅವನು ಬದುಕಿ ಬಂದರೆ ನಾನು ಎಲ್ಲಿ ಮುಖವಿಟ್ಟುಕೊಳ್ಳಲಿ ಎಂದು ಆ ಕ್ಷಣಕ್ಕೆ ಅನಿಸಿತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಶುಕ್ರವಾರ ಸ್ಟ್ರೆಚರಿನ ಮೇಲೆ ಮಲಗಿದ್ದವನು ನನ್ನನ್ನು ಕೇಳಿದ, "ನಿನ್ನೆ ನಾನು ಕೂಗಿದ್ದು ಕೇಳಿಸ್ತಾ ಜೇಬ್?" ನಾನು "ಇಲ್ಲ" ಅಂದೆ. "ನಂಗೆ ನಿಂದು ಕೇಳಿಸ್ತು," ಅಂದ.

ನನ್ನ ರಜೆಯ ಸರದಿಯನ್ನು ಟ್ಯಾಟರ್‌ಸಾಲ್‌ಗೆ ಬಿಟ್ಟುಕೊಡುತ್ತೇನೆ. ನಾನು ಯಾಕೆ ಬರಲಿಲ್ಲ ಎಂದು ಅಮ್ಮನಿಗೆ ನೀನೇ ಏನಾದರೂ ಹೇಳು. ನಾನು ಬರೆದರೆ ಮತ್ತೆ ಸುಳ್ಳೇ ಬರೆಯುತ್ತೇನೆ.